ಮೊದಲು ಚೀಟಿ, ಆಮೇಲೆ ಬೇರೆ ಕೆಲಸ

“ಬ್ಯಾರೆ ಕಡಿ ಕೆಲಸ ನೋಡ್ಕೊಳ್ರಪ.” ಸಿಂಧನೂರಿನ ಅಕ್ಕಿ ಗಿರಣಿಗಳ ಬಾಗಿಲಲ್ಲಿ ಈ ಮಾತು ಹೊಸದಲ್ಲ. ಭತ್ತದ ಲಾರಿ ಬರುವುದು ನಿಂತು ಬಾಯ್ಲರು ಆರಿದ ದಿನ ಸಾವುಕಾರರ ಬಾಯಿಂದಲೋ, ಅವರಿಗೆ ಆ ತೊಂದರೆಯೂ ಬೇಡವೆಂದು ಮುಕಾದಮನ ಬಾಯಿಂದಲೋ ಇದು ಹೊರಡುತ್ತದೆ. ಹೇಳುವವರಿಗೆ ಅರೆಗಳಿಗೆಯ ಕೆಲಸ. ಕೇಳಿಸಿಕೊಂಡು, ಹೆಗಲ ಮೇಲಿನ ಟವಲು ಕೊಡವಿ ಮನೆಗೆ ಹೊರಟವನಿಗೆ ಅಲ್ಲಿಂದ ಮುಂದೆ ತಿಂಗಳುಗಟ್ಟಲೆ ಗಂಜಿಯ ಪ್ರಶ್ನೆ.

ಕೆಲಸ ಹೋದವನು ಬೇರೆ ಕೆಲಸ ಹುಡುಕಲೇಬೇಕು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಹೇಗೆ ಹುಡುಕಬೇಕೆಂಬುದನ್ನೇ ಈ ವಾರ ಬರೆಯುತ್ತಿದ್ದೇವೆ. ಆದರೆ ಈ ಉಪದೇಶ ಮಾಡುವ ದೊಡ್ಡವರು ಒಂದು ಸಂಗತಿಯನ್ನು ಮರೆಮಾಚುತ್ತಾರೆ. ಕೆಲಸ ಹೋದದ್ದು ಕೆಲಸಗಾರನ ಸೋಮಾರಿತನದಿಂದ ಎಂಬ ಧ್ವನಿ ಆ ಉಪದೇಶದಲ್ಲಿ ಅಡಗಿದೆ. ಅದನ್ನು ಮೊದಲು ಬಯಲಿಗೆ ತರಬೇಕು.

ನಮ್ಮ ಗಿರಣಿಗಳು ನಡೆಯುವುದು ಭತ್ತದಿಂದ, ಭತ್ತ ಬೆಳೆಯುವುದು ತುಂಗಭದ್ರಾ ಎಡದಂಡೆ ನಾಲೆಯ ನೀರಿನಿಂದ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದು ಕೊಚ್ಚಿಕೊಂಡು ಹೋಯಿತು. ತುಂಬಿದ ಕೆರೆಯ ತೂಬು ಕಿತ್ತಂತೆ ದಿನಗಟ್ಟಲೆ ನೀರು ಹೊಳೆಗೆ ಹರಿಯಿತು. ಹಳೆಯ ಗೇಟುಗಳನ್ನೆಲ್ಲ ಬದಲಿಸಬೇಕೆಂಬ ತೀರ್ಮಾನ ಆಮೇಲೆ ಬಂತು. ಆ ಕೆಲಸಕ್ಕಾಗಿ 2025-26ರಲ್ಲಿ ಎರಡನೇ ಬೆಳೆಗೆ ನೀರು ಬಿಡುವುದಿಲ್ಲವೆಂದು 2025ರ ನವೆಂಬರಿನಲ್ಲಿ ನೀರಾವರಿ ಸಲಹಾ ಸಮಿತಿ ಹೇಳಿತು. ಗೇಟು ಬದಲಿಸಬಾರದೆಂದು ನಾವು ಹೇಳುವುದಿಲ್ಲ, ಅಣೆಕಟ್ಟು ಗಟ್ಟಿಯಾಗಿರಬೇಕು. ಪರಿಹಾರ ಕೊಡಿರೆಂದು ರೈತರು ಕೇಳಿದರು, ಕೇಳಿದ್ದು ನ್ಯಾಯ. ಆದರೆ ಎರಡನೇ ಬೆಳೆ ಇಲ್ಲವೆಂದರೆ ಬೇಸಿಗೆಯ ಭತ್ತ ಇಲ್ಲ. ಭತ್ತ ಇಲ್ಲವೆಂದರೆ ಹಮಾಲನಿಗೆ ಚೀಲವಿಲ್ಲ, ಅಂಗಳದಲ್ಲಿ ಭತ್ತ ಹರವುವ ಹೆಣ್ಣುಮಕ್ಕಳಿಗೆ ಕೂಲಿಯಿಲ್ಲ, ಗಿರಣಿಯ ಎದುರಿನ ಚಹದಂಗಡಿಗೆ ಗಿರಾಕಿಯಿಲ್ಲ. ಇವರ ಲೆಕ್ಕವನ್ನು ಯಾವ ಸಮಿತಿ ಬರೆದುಕೊಂಡಿತು? ಎಷ್ಟು ಎಕರೆ ಬೀಳು ಬೀಳುತ್ತದೆಂದು ಇಲಾಖೆಗಳ ಬಳಿ ಅಂಕಿ ಇದೆ. ಎಷ್ಟು ಹೆಗಲು ಬೀಳು ಬೀಳುತ್ತವೆಂದು ಹೇಳುವ ಒಂದು ಕಾಗದವೂ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಕಾಗದವಿಲ್ಲದಿರುವುದೇ ನಮ್ಮ ಇಡೀ ಕಷ್ಟದ ಬೇರು. ಈ ಲೇಖನದಲ್ಲಿ ನಾವು ಹೇಳಬೇಕಾಗಿರುವುದೂ ಅದೊಂದೇ.

ಉದ್ರಿ ವಹಿಯಲ್ಲಿದೆ, ಹಾಜರಿ ವಹಿಯಲ್ಲಿಲ್ಲ

ಪಟ್ಟಣದ ಉಪದೇಶಕರು ಕೆಲಸ ಹುಡುಕುವ ಬಗೆಯನ್ನು ಸೊಗಸಾಗಿ ವಿವರಿಸುತ್ತಾರೆ. ಹೊಸ ಕೌಶಲ ಕಲಿಯಿರಿ ಎನ್ನುತ್ತಾರೆ. ನಿಮ್ಮ ಅನುಭವವನ್ನು ಒಂದು ಹಾಳೆಯಲ್ಲಿ ಅಚ್ಚುಕಟ್ಟಾಗಿ ಬರೆದು ತೋರಿಸಿರಿ ಎನ್ನುತ್ತಾರೆ. ಸರಿ, ಬರೆಯೋಣ. ಏನೆಂದು ಬರೆಯೋಣ?

ಹನ್ನೆರಡು ವರ್ಷ ಒಂದೇ ಗಿರಣಿಯಲ್ಲಿ ದುಡಿದ ಒಬ್ಬ ಅಣ್ಣನನ್ನು ಎಣಿಸಿಕೊಳ್ಳಿ. ಇಂಥವರು ನಮ್ಮ ಓದುಗರಲ್ಲೇ ಅನೇಕರಿದ್ದಾರೆ. ಬಾಯ್ಲರಿನ ಶಬ್ದ ಕೇಳಿ ಒಳಗಿನ ಒತ್ತಡ ಹೇಳಬಲ್ಲ. ಒಂದು ಹಿಡಿ ಭತ್ತವನ್ನು ಅಂಗೈಯಲ್ಲಿ ತಿಕ್ಕಿ ಹಸಿ ಎಷ್ಟು, ನುಚ್ಚು ಎಷ್ಟು ಬೀಳುತ್ತದೆಂದು ಹೇಳಬಲ್ಲ. ಇದು ಕೌಶಲವಲ್ಲವೇ? ಆದರೆ ಅವನು ಬೇರೆ ಊರಿನ ಗಿರಣಿಗೆ ಹೋಗಿ ನಿಂತರೆ, “ಎಲ್ಲಿ ಕೆಲಸ ಮಾಡಿದ್ದೀ, ತೋರಿಸು” ಎಂದ ಕೂಡಲೇ ಅವನ ಹನ್ನೆರಡು ವರ್ಷ ಗಾಳಿಗೆ ಹೋಗುತ್ತದೆ. ನೇಮಕಾತಿ ಪತ್ರವಿಲ್ಲ. ಪಗಾರದ ಚೀಟಿಯಿಲ್ಲ. ಪಿ.ಎಫ್. ನಂಬರಿಲ್ಲ. ಹಾಜರಿ ಪುಸ್ತಕ ಮುಕಾದಮನ ಜೇಬಿನಲ್ಲಿತ್ತು; ಅದರಲ್ಲಿಯೂ ಇದ್ದದ್ದು ಅಡ್ಡಹೆಸರು. ಹೊಸ ಊರಿನಲ್ಲಿ ಅವನು ಇಪ್ಪತ್ತರ ಹುಡುಗನ ಜತೆಗೆ ಅದೇ ಕೂಲಿಗೆ ಮೊದಲಿನಿಂದ ಚೀಲ ಹೊರಬೇಕು.

ಅದೇ ಅಣ್ಣನ ಹೆಸರು ಕಿರಾಣಿ ಅಂಗಡಿಯ ಉದ್ರಿ ವಹಿಯಲ್ಲಿ ತಾರೀಖು ಸಮೇತ, ಪೈಸೆ ಸಮೇತ ಇದೆ. ನಾವು ಮಾಡಿದ ಸಾಲಕ್ಕೆ ಬರಹವಿದೆ, ನಾವು ಮಾಡಿದ ದುಡಿಮೆಗೆ ಬರಹವಿಲ್ಲ. ಈ ವ್ಯವಸ್ಥೆ ಆಕಸ್ಮಿಕವೆಂದು ತಿಳಿಯುವವರು ತಿಳಿಯಲಿ, ನಾವು ತಿಳಿಯುವುದಿಲ್ಲ. ಬರೆದರೆ ಹೊಣೆ ಬರುತ್ತದೆ. ಬರೆಯದಿದ್ದರೆ ಬೇಕಾದಾಗ ಕರೆಯಬಹುದು, ಬೇಡವಾದಾಗ ಕಳಿಸಬಹುದು.

ಮಸ್ಕಿಯ ಜನಕ್ಕೆ ಅಕ್ಷರದ ಬೆಲೆಯನ್ನು ನಾವು ಹೇಳಿಕೊಡಬೇಕಾಗಿಲ್ಲ. 1915ರಲ್ಲಿ ಚಿನ್ನ ಹುಡುಕಿಕೊಂಡು ಬಂದ ಬೀಡನ್ ಎಂಬ ಗಣಿ ಇಂಜಿನಿಯರಿಗೆ ಅಲ್ಲಿಯ ಬಂಡೆಯ ಮೇಲೆ ಶಾಸನ ಸಿಕ್ಕಿತು. ಅಲ್ಲಿಯವರೆಗೆ ದೊರೆತಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿತ್ತೇ ಹೊರತು ಅರಸನ ಸ್ವಂತ ಹೆಸರಿರಲಿಲ್ಲ. ಮಸ್ಕಿಯ ಬಂಡೆಯಲ್ಲಿ ಅಶೋಕನೆಂಬ ಹೆಸರು ಕಾಣಿಸಿತು, ಅವನು ಇವನೇ ಎಂದು ಖಚಿತವಾಯಿತು. ಅಷ್ಟು ದೊಡ್ಡ ಚಕ್ರವರ್ತಿಗೂ ತನ್ನ ಹೆಸರು ಬರೆದಿದ್ದ ಒಂದು ಕಲ್ಲು ಬೇಕಾಯಿತು. ಹಾಗಿರುವಾಗ ಗಿರಣಿಯ ಹಮಾಲನಿಗೆ, ಜಿನ್ನಿಂಗಿನ ಹೆಣ್ಣುಮಗಳಿಗೆ ಒಂದು ಚೀಟಿ ಬೇಡವೇ?

ಆದ್ದರಿಂದ ಕೆಲಸ ಹೋದ ಬಂಧುಗಳಿಗೆ ನಮ್ಮ ಮೊದಲ ಸಲಹೆ ಇದು: ಬೇರೆ ಕೆಲಸ ಕೇಳುವ ಮೊದಲು, ಮಾಡಿದ ಕೆಲಸದ ಚೀಟಿ ಕೇಳಿರಿ.

ಕಾನೂನು ಯಾರ ಕಡೆ?

ಕಾನೂನು ನಮ್ಮ ಪರವಾಗಿದೆ ಎಂದು ಸುಳ್ಳು ಧೈರ್ಯ ಹೇಳುವವರು ನಾವಲ್ಲ. 2025ರ ನವೆಂಬರ್ 21ರಂದು ಕೇಂದ್ರ ಸರಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಮುಚ್ಚಲು, ಜನರನ್ನು ತೆಗೆಯಲು ಸರಕಾರದ ಅನುಮತಿ ಬೇಕೆಂಬ ನಿಯಮ ಮೊದಲು 100 ಕೆಲಸಗಾರರಿದ್ದ ಕಾರ್ಖಾನೆಗೆ ಅನ್ವಯಿಸುತ್ತಿತ್ತು. ಈಗ 300 ಜನ ಇರಬೇಕು. ಗುತ್ತಿಗೆ ಕೂಲಿಯ ಕಟ್ಟುಪಾಡಿಗೆ ಮೊದಲು 20 ಜನ ಸಾಕಿತ್ತು. ಈಗ 50 ಜನ ಬೇಕು. ಸಿಂಧನೂರಿನಲ್ಲಿ 300 ಜನರನ್ನು ವಹಿಯಲ್ಲಿ ತೋರಿಸುವ ಗಿರಣಿ ಯಾವುದು? ಬಲೆಯ ಕಣ್ಣು ದೊಡ್ಡದು ಮಾಡಿ ಮೀನು ಹಿಡಿಯುತ್ತೇವೆಂದರೆ ನಂಬುವವರಾರು?

ಇದಕ್ಕಿಂತ ಹಳೆಯದಾದ ಇನ್ನೊಂದು ಕಿಂಡಿಯಿದೆ. ಅದರ ಹೆಸರು ‘ಹಂಗಾಮಿ’. ಕೆಲಸವಿಲ್ಲದೆ ಕೂರಿಸಿದ ದಿನಗಳಿಗೆ ಅರ್ಧ ಪಗಾರ ಕೊಡಬೇಕೆಂಬ ನಿಯಮ 1947ರ ಕೈಗಾರಿಕಾ ವಿವಾದ ಕಾನೂನಿನ ಕೆಳಗೆ ಬಂತು. ಆದರೆ 50 ಜನಕ್ಕಿಂತ ಕಡಿಮೆ ಇರುವ ಕಾರ್ಖಾನೆಗೂ ಹಂಗಾಮಿ ಕಾರ್ಖಾನೆಗೂ ಅದು ಅನ್ವಯಿಸಲಿಲ್ಲ. ಹೊಸ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ. 1948ರ ರಾಜ್ಯ ವಿಮಾ ಕಾನೂನಂತೂ ಹತ್ತಿ ಜಿನ್ನಿಂಗ್, ಶೇಂಗಾ ಸುಲಿಯುವ ಗಿರಣಿಗಳನ್ನು ಹೆಸರು ಹಿಡಿದು ಹೊರಗಿಟ್ಟಿತ್ತು. ಹೊಟ್ಟೆ ಮಾತ್ರ ಹಂಗಾಮಿ ಅಲ್ಲ. ಅದು ಹನ್ನೆರಡು ತಿಂಗಳೂ ಕೇಳುತ್ತದೆ.

ಆದರೂ ಅದೇ ಕಾನೂನಿನೊಳಗೆ ನಮ್ಮ ಕೈಗೆಟಕುವ ನಾಲ್ಕೈದು ಗೆರೆಗಳಿವೆ. ಕೊಟ್ಟವರ ಔದಾರ್ಯದಿಂದ ಅವು ಬಂದದ್ದಲ್ಲ, ನಮ್ಮ ಹಿರಿಯರ ಹೋರಾಟದಿಂದ ಉಳಿದದ್ದು. ಅವನ್ನು ಬಿಡಬಾರದು.

ಒಂದು: ಕೆಲಸಗಾರನಿಗೆ ನೇಮಕಾತಿ ಪತ್ರ ಕೊಡಲೇಬೇಕು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಜಾಗದಲ್ಲಿ ಇದು ಮಾಲೀಕನ ಕರ್ತವ್ಯ. ಹಳೆಯ ಕೆಲಸಗಾರರಿಗೂ ಕೊಡಬೇಕು.

ಎರಡು: ತೆಗೆದರೂ, ತಾವಾಗಿ ಬಿಟ್ಟರೂ, ಗಿರಣಿ ಮುಚ್ಚಿದರೂ ಬಾಕಿ ಪಗಾರವನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು. “ದೀಪಾವಳಿಗೆ ಬಾ, ನೋಡೋಣ” ಎಂಬುದು ಕಾನೂನಲ್ಲ. ಮುಕಾದಮ ಕೊಡದಿದ್ದರೆ ಗಿರಣಿಯ ಮಾಲೀಕನೇ ಹೊಣೆ. ಕೊಟ್ಟಿದ್ದೇವೆಂದು ಅವರು ಹೇಳಿದರೆ, ಕೊಟ್ಟದ್ದನ್ನು ಸಾಬೀತು ಮಾಡುವ ಭಾರವೂ ಅವರದೇ. ಇದನ್ನು ಎರಡು ಸಲ ಓದಿರಿ. ದಾವೆ ಹಾಕಲು ಮೂರು ವರ್ಷದ ಅವಧಿಯಿದೆ. ಆದರೆ ಮೂರು ವರ್ಷ ಸುಮ್ಮನಿದ್ದವನಿಗೆ ಸಾಕ್ಷಿ ಹೇಳಲು ಯಾರೂ ಉಳಿದಿರುವುದಿಲ್ಲ.

ಮೂರು: ಐದು ವರ್ಷ ಸತತ ಸೇವೆಯಾದವರಿಗೆ ಗ್ರಾಚ್ಯುಟಿ ಉಂಟು, ವರ್ಷಕ್ಕೆ 15 ದಿನದ ಪಗಾರದಂತೆ. ಹಂಗಾಮಿ ಗಿರಣಿಯವರಿಗೆ ಏನೂ ಇಲ್ಲವೆಂದು ಹೇಳಿ ಕಳಿಸುತ್ತಾರೆ, ಅದು ಸುಳ್ಳು. ಅವರಿಗೆ ಹಂಗಾಮಿಗೆ 7 ದಿನದ ಲೆಕ್ಕ. ಗಿರಣಿ ನಡೆದ ದಿನಗಳಲ್ಲಿ ನೂರಕ್ಕೆ ಎಪ್ಪತ್ತೈದು ದಿನ ಕೆಲಸ ಮಾಡಿದ್ದರೆ ಆ ಹಂಗಾಮು ಸೇವೆಗೆ ಸೇರುತ್ತದೆ.

ನಾಲ್ಕು: ಜನ ಹೆಚ್ಚಾದರೆಂದು ತೆಗೆದ ಗಿರಣಿ ಒಂದು ವರ್ಷದೊಳಗೆ ಮತ್ತೆ ಜನರನ್ನು ತೆಗೆದುಕೊಳ್ಳುವುದಾದರೆ ಮೊದಲು ತೆಗೆದವರನ್ನೇ ಕರೆಯಬೇಕು. ನಾಲೆಗೆ ನೀರು ಬಂದು ಬಾಯ್ಲರು ಹೊತ್ತಿದ ದಿನ ನಿಮ್ಮ ಜಾಗದಲ್ಲಿ ಹೊಸಬರು ನಿಂತಿದ್ದರೆ ಈ ಗೆರೆ ನೆನಪಿರಲಿ. ಹಾಗೆ ತೆಗೆದವರಿಗಾಗಿ ಮಾಲೀಕ 15 ದಿನದ ಪಗಾರವನ್ನು ಮರುಕೌಶಲ ನಿಧಿಗೆ ಕಟ್ಟಬೇಕು, 45 ದಿನದೊಳಗೆ ಅದು ಕೆಲಸಗಾರನ ಖಾತೆಗೆ ಬರಬೇಕು ಎಂದೂ ಸಂಹಿತೆ ಹೇಳುತ್ತದೆ. ಹೊಸ ವಿದ್ಯೆ ಕಲಿಯಿರಿ ಎನ್ನುವ ಮಹಾಶಯರು ಮೊದಲು ಈ ಹಣ ಕಟ್ಟಿಸಲಿ.

ಇವುಗಳಲ್ಲಿ ಒಂದನ್ನಾದರೂ ಪಡೆಯಬೇಕಾದರೆ ನೀವು ಅಲ್ಲಿ ದುಡಿದಿರಿ ಎಂಬುದಕ್ಕೆ ಗುರುತು ಬೇಕು. ಮಾಲೀಕ ಕೊಡದಿದ್ದರೆ ನೀವೇ ಮಾಡಿಕೊಳ್ಳಿರಿ. ನಾಲ್ಕಾಣೆಯ ಬುದ್ಧಿಯ ಕೆಲಸ ಇದು. ಒಂದು ನೋಟುಪುಸ್ತಕದಲ್ಲಿ ದಿನಾ ತಾರೀಖು, ಹೊತ್ತ ಚೀಲ, ಬಂದ ಕೂಲಿ ಬರೆಯಿರಿ. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳಿಂದ ಬರೆಸಿರಿ. ಕೂಲಿ ಫೋನಿನ ಮೂಲಕ ಬಂದಿದ್ದರೆ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮುದ್ರಿಸಿಕೊಳ್ಳಿರಿ. ಪಿ.ಎಫ್. ಹಿಡಿದಿದ್ದರೆ ಹನ್ನೆರಡು ಅಂಕಿಯ ನಂಬರನ್ನು ಮನೆಯ ಗೋಡೆಯ ಮೇಲಾದರೂ ಬರೆದಿಡಿರಿ. ಗಿರಣಿ ಬದಲಾದರೂ ಅದು ಬದಲಾಗುವುದಿಲ್ಲ. ಮಾಲೀಕನಿಗೆ ಅರ್ಜಿ ಕೊಡುವಾಗ ಎರಡು ಪ್ರತಿ ಮಾಡಿ ಒಂದರ ಮೇಲೆ ಸಹಿ ಹಾಕಿಸಿಕೊಳ್ಳಿರಿ. ಸಹಿ ಹಾಕದಿದ್ದರೆ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿರಿ. ಅದರ ಪ್ರತಿ ಕಾರ್ಮಿಕ ನಿರೀಕ್ಷಕರಿಗೆ ಹೋಗಲಿ. ಹೆಂಗಸರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ 1987ರ ಕಾನೂನಿನ ಪ್ರಕಾರ ವಕೀಲರ ನೆರವು ಉಚಿತ. ತಾಲೂಕು ನ್ಯಾಯಾಲಯದಲ್ಲಿಯೇ ಕಾನೂನು ಸೇವಾ ಸಮಿತಿಯನ್ನು ಕೇಳಬಹುದು. ಬರೆಯದ ಹಾಳೆಗೆ, ‘ಎಲ್ಲ ಲೆಕ್ಕ ಮುಗಿಯಿತು’ ಎಂಬ ಚೀಟಿಗೆ ಹಣ ಕೈಗೆ ಬರುವ ಮೊದಲು ಹೆಬ್ಬೆಟ್ಟು ಒತ್ತಬೇಡಿರಿ.

ಲೆಕ್ಕ ಕೇಳುವುದು ಚಿಲ್ಲರೆ ಜಗಳವೆಂದು ಕೆಲವರು ನಗಬಹುದು. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದದ್ದು ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ. ಆ ‘ಚಿಲ್ಲರೆ’ ಜಗಳ ಎಲ್ಲಿಗೆ ಮುಟ್ಟಿತೆಂಬುದನ್ನು ಕನ್ನಡ ನಾಡು ಬಲ್ಲದು.

ಯಾವ ಬಾಗಿಲು, ಯಾವ ದಲ್ಲಾಳಿ

ಚೀಟಿ ಕೈಗೆ ಬಂದ ಮೇಲೆ ಹುಡುಕಾಟ. ಇಲ್ಲಿ ಎರಡು ದಾರಿ ಕಾಣುತ್ತವೆ: ಸರಕಾರದ ಬಾಗಿಲು ಒಂದು, ದಲ್ಲಾಳಿಯ ಬಾಗಿಲು ಒಂದು.

ಸರಕಾರದ ಬಾಗಿಲು ರಾಯಚೂರಿನಲ್ಲಿದೆ. ಜಿಲ್ಲಾ ಉದ್ಯೋಗ ವಿನಿಮಯ ಕಚೇರಿ. ಲಿಂಗಸುಗೂರಿನಿಂದ, ಮಸ್ಕಿಯಿಂದ ಹೋಗಿ ಬರಲು ಒಂದು ದಿನ ಹಾಳು. ಅಲ್ಲಿ ಹೆಸರು ಬರೆಸಿದವರು ಕರೆ ಬಾರದೆ ಬೇಸತ್ತಿದ್ದಾರೆ. ಅದಕ್ಕೆ ಕಾರಣ ಗುಮಾಸ್ತರಲ್ಲ, ಕಾನೂನು. ಖಾಲಿ ಜಾಗಗಳನ್ನು ಈ ಕಚೇರಿಗೆ ತಿಳಿಸಬೇಕೆಂದು 1959ರ ಕಾನೂನು 25 ಅಥವಾ ಹೆಚ್ಚು ಜನರಿದ್ದ ಖಾಸಗಿ ಮಾಲೀಕರಿಗೆ ಹೇಳಿತು. ಆದರೆ ಹೊಲದ ಕೆಲಸ ಬಿಟ್ಟಿತು, ಮನೆಗೆಲಸ ಬಿಟ್ಟಿತು, ಮೂರು ತಿಂಗಳಿಗಿಂತ ಕಡಿಮೆ ಅವಧಿಯ ಕೆಲಸ ಬಿಟ್ಟಿತು. ತಿಳಿಸಿದ ಮೇಲೂ ಈ ಕಚೇರಿಯ ಪಟ್ಟಿಯಿಂದಲೇ ಜನ ತೆಗೆದುಕೊಳ್ಳಬೇಕೆಂಬ ಬಂಧನವಿಲ್ಲವೆಂದು ತಾನೇ ಬರೆದಿಟ್ಟಿತು. ಬಾಗಿಲು ಕಟ್ಟಿ ಗೋಡೆ ಮರೆತಂತಾಯಿತು. ಈಗ ಸಾಮಾಜಿಕ ಭದ್ರತಾ ಸಂಹಿತೆ ಆ ಕಾನೂನಿನ ಜಾಗಕ್ಕೆ ಬಂದಿದೆ. ಇಂಥ ಕಚೇರಿಗಳಿಗೆ ‘ವೃತ್ತಿ ಕೇಂದ್ರ’ ಎಂಬ ಹೊಸ ಹೆಸರಿಟ್ಟಿದೆ.

ಹಾಗಾದರೆ ಹೋಗಬೇಡಿರಿ ಎನ್ನುತ್ತೇವೆಯೇ? ಇಲ್ಲ. ಹೋಗಿ ಹೆಸರು ಬರೆಸಿರಿ. ಒಬ್ಬೊಬ್ಬರಾಗಿ ಹೋಗಬೇಡಿರಿ, ಒಂದು ಗಿರಣಿಯವರೆಲ್ಲ ಒಂದೇ ದಿನ ಹೋಗಿರಿ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಂದು ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಶುರುವಾಯಿತು. ಮುಂದಾಳುತನ ಅವರೇ ವಹಿಸಲಿ. ಐವತ್ತು ಜನ ನಿರುದ್ಯೋಗಿಗಳೆಂದು ಒಂದೇ ದಿನ ಬರೆಸಿದರೆ, ಸಿಂಧನೂರಿನಲ್ಲಿ ನಿರುದ್ಯೋಗವಿಲ್ಲ ಎಂದು ಸದನದಲ್ಲಿ ಯಾರೂ ಹೇಳಲಾರರು. ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿ 2021ರಲ್ಲಿ ಆರಂಭವಾಯಿತು. ಹಮಾಲರಿಗಾಗಿ ರಾಜ್ಯದ ಮಂಡಳಿ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತದ ಕಾರ್ಡು ಕೊಡತೊಡಗಿತು. ಕಾರ್ಡು ಅನ್ನ ಹಾಕುವುದಿಲ್ಲ. ಆದರೆ ನೀವು ಏನು ಕೆಲಸದವರೆಂಬುದನ್ನು ಸರಕಾರದ ಮುದ್ರೆಯೊಂದಿಗೆ ಅದು ಹೇಳುತ್ತದೆ. ಸಾವುಕಾರ ಕೊಡದ ಚೀಟಿಗೆ ಅದು ಅರ್ಧ ಸಮ.

ಓದಿದ ಮಕ್ಕಳಿರುವ ಮನೆಯವರು ಒಂದು ಕಾಗದವನ್ನು ತಪ್ಪದೆ ಮಾಡಿಸಿಕೊಳ್ಳಬೇಕು. ಸಂವಿಧಾನದ 371 ಜೆ ಪ್ರಕಾರ 2013ರಲ್ಲಿ ಬಂದ ಆದೇಶದಂತೆ ನಮ್ಮ ಭಾಗದ ಸರಕಾರಿ ಹುದ್ದೆಗಳಲ್ಲಿ ‘ಸಿ’ ದರ್ಜೆಯಲ್ಲಿ ನೂರಕ್ಕೆ 80, ‘ಡಿ’ ದರ್ಜೆಯಲ್ಲಿ ನೂರಕ್ಕೆ 85 ಸ್ಥಳೀಯರಿಗೆ ಮೀಸಲು. ಅದಕ್ಕೆ ಬೇಕಾದ ಅರ್ಹತಾ ಪ್ರಮಾಣ ಪತ್ರವನ್ನು ಉಪವಿಭಾಗಾಧಿಕಾರಿ ಕೊಡುತ್ತಾರೆ. ಮೂರೂ ತಾಲೂಕಿನವರಿಗೆ ಆ ಕಚೇರಿ ಲಿಂಗಸುಗೂರಿನಲ್ಲಿದೆ. ಅರ್ಜಿ ಕರೆದ ಮೇಲೆ ಓಡಾಡಿದರೆ ತಾರೀಖು ಮುಗಿದಿರುತ್ತದೆ. ಇಂದೇ ಮಾಡಿಸಿರಿ.

ಖಾಸಗಿ ಕಾರ್ಖಾನೆಗಳ ಮಾತು ಬೇರೆ. ಅಲ್ಲಿ ಸ್ಥಳೀಯರಿಗೆ ಪಾಲು ಕೊಡುವ ಮಸೂದೆಗೆ ರಾಜ್ಯದ ಮಂತ್ರಿಮಂಡಲ 2024ರ ಜುಲೈಯಲ್ಲಿ ಒಪ್ಪಿಗೆ ಕೊಟ್ಟಿತು. ಬೆಂಗಳೂರಿನ ಉದ್ಯಮಪತಿಗಳು ಗದರಿಸಿದ ಕೂಡಲೇ, ಎರಡೇ ದಿನದಲ್ಲಿ, ತಡೆಹಿಡಿಯಿತು. ಬಡವರು ವರ್ಷಗಟ್ಟಲೆ ಕೂಗಿದರೂ ಕೇಳಿಸದ ಕಿವಿಗೆ ಸಿರಿವಂತರ ಪಿಸುಮಾತು ಎಷ್ಟು ಬೇಗ ಕೇಳಿಸುತ್ತದೆ ನೋಡಿರಿ.

ಈಗ ದಲ್ಲಾಳಿಯ ಬಾಗಿಲು. ಲಿಂಗಸುಗೂರು ತಾಲೂಕಿನಲ್ಲಿ ಹಟ್ಟಿ ಚಿನ್ನದ ಗಣಿಯಿದೆ. ಅದು ಸರಕಾರದ ಕಂಪನಿ. ಅಲ್ಲಿಯ ಕಾಯಂ ನೌಕರಿ ಬಹಿರಂಗ ಪ್ರಕಟಣೆಯಿಂದ ತುಂಬಬೇಕಾದದ್ದು. ಚಹದಂಗಡಿಯಲ್ಲಿ ಪಕ್ಕಕ್ಕೆ ಕೂತು, “ನಮ್ಮವರು ಒಳಗ ಅದಾರ, ಹಚ್ಚಿಸಿ ಕೊಡ್ತೀನಿ, ಮೊದಲ ಇಷ್ಟು ಕೊಡ್ರಿ” ಎನ್ನುವವನು ಯಾವ ಸಂಸ್ಥೆಯ ಹೆಸರು ಹೇಳಿದರೂ ಮೋಸಗಾರನೆಂದೇ ತಿಳಿಯಿರಿ. ಹಣ ಕೊಟ್ಟರೆ ನೌಕರಿ ಖಂಡಿತ ಎಂಬ ಭ್ರಮೆ ಇನ್ನೂ ಇದ್ದವರು 545 ಸಬ್ ಇನ್ಸ್‌ಪೆಕ್ಟರ್ ಹುದ್ದೆಗಳ ಕಥೆ ನೆನೆಯಲಿ. 2021ರಲ್ಲಿ ನಡೆದ ಆ ಪರೀಕ್ಷೆಯ ಅಕ್ರಮ ಬಯಲಾಗಿ 2022ರಲ್ಲಿ ಪಟ್ಟಿಯೇ ರದ್ದಾಯಿತು. 2024ರ ಜನವರಿಯಲ್ಲಿ ಮತ್ತೆ ಪರೀಕ್ಷೆ ನಡೆಯಿತು. ಪ್ರಾಮಾಣಿಕವಾಗಿ ಓದಿ ಬರೆದ ಬಡ ಹುಡುಗರ ವರ್ಷಗಳೂ ಅದರ ಜತೆಗೆ ಹೋದವು. ಎಮ್ಮೆ ಮಾರಿ, ತಾಳಿ ಅಡವಿಟ್ಟು ಕೊಟ್ಟ ಹಣಕ್ಕೆ ಯಾವ ದಲ್ಲಾಳಿಯೂ ರಸೀದಿ ಕೊಡುವುದಿಲ್ಲ. ರಸೀದಿ ಕೊಡದವನಿಗೆ ಹಣ ಕೊಡಬಾರದು. ಇದೊಂದು ನಿಯಮ ಸಾಕು.

ಗುಳೆ ಹೋಗುವವರಿಗೆ

2024ರಲ್ಲಿ ಸಿಂಧನೂರಿಗೆ ರೈಲು ಬಂತು. ಕಾದು ಕಾದು ಬಂದ ರೈಲು, ಸಂತೋಷವೇ. ಆದರೆ ಅಕ್ಕಿಯ ಮೂಟೆಯ ಜತೆಗೆ ನಮ್ಮ ಹುಡುಗರನ್ನೂ ಬೆಂಗಳೂರಿಗೆ ಒಯ್ಯುವುದಕ್ಕೇ ಅದು ಬಂದದ್ದಾದರೆ ಏನು ಹೇಳೋಣ? ಲಿಂಗಸುಗೂರಿನ ತಾಂಡಾಗಳಿಗೆ, ಮಸ್ಕಿಯ ಒಣ ಭೂಮಿಯ ಹಳ್ಳಿಗಳಿಗೆ ಗುಳೆ ಹೊಸದಲ್ಲ. ನೀರಾವರಿಯ ಸಿಂಧನೂರಿಗೂ ಈಗ ಅದರ ರುಚಿ ಹತ್ತಿದೆ.

ಹೋಗಲೇಬೇಕಾದವರು ಒಂಟಿಯಾಗಿ ಹೋಗಬೇಡಿರಿ. ಮುಂಗಡ ತೆಗೆದುಕೊಳ್ಳಬೇಡಿರಿ, ಮುಂಗಡ ಕೊಟ್ಟವನು ಕೂಲಿಯ ದರವನ್ನೂ ತಾನೇ ಹೇಳುತ್ತಾನೆ. ತೆಗೆದುಕೊಂಡು ಸಿಕ್ಕಿಬಿದ್ದವರು ಅಂಜಬೇಡಿರಿ. ಸಾಲದ ಹೆಸರಿನಲ್ಲಿ ಜನರನ್ನು ಕಟ್ಟಿಹಾಕಿ ದುಡಿಸುವುದು 1976ರ ಜೀತ ನಿರ್ಮೂಲನ ಕಾನೂನಿನಂತೆ ಅಪರಾಧ. ಮೇಸ್ತ್ರಿಯ ಪೂರ್ತಿ ಹೆಸರು, ಫೋನು, ಕೆಲಸದ ಜಾಗ ಇವನ್ನು ಬರೆದು ಊರಿನಲ್ಲಿ ಒಂದು ಪ್ರತಿ ಬಿಟ್ಟು ಹೋಗಿರಿ. ಕಟ್ಟಡದ ಕೆಲಸದಲ್ಲಿ 90 ದಿನ ದುಡಿದವರು ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ಬರೆಸಬಹುದು. ಆ 90 ದಿನದ ಪ್ರಮಾಣ ಪತ್ರವನ್ನು ಕೆಲಸದ ಜಾಗ ಬಿಡುವ ಮೊದಲೇ ಕೇಳಿರಿ. ಇಲ್ಲಿಯೂ ಅದೇ ಮಾತು: ಮೊದಲು ಚೀಟಿ.

ಸಣ್ಣ ವ್ಯಾಪಾರಿಗಳಿಗೆ ಎರಡು ಮಾತು

ಈ ಪತ್ರಿಕೆಯನ್ನು ಅಂಗಡಿಯ ಗಲ್ಲಾದ ಮೇಲಿಟ್ಟು ಓದುವ ಬಂಧುಗಳೂ ಇದ್ದಾರೆ. ಗಿರಣಿ ನಿಂತರೆ ತಮಗೇನು ಎಂದು ಅವರಾರೂ ಹೇಳಲಾರರು. ಉದ್ರಿ ವಹಿ ದಪ್ಪವಾಗುತ್ತಿರುವುದು ಅವರ ಕಣ್ಣ ಮುಂದೆಯೇ ಇದೆ. ಕೆಲಸಗಾರನ ಬಾಕಿ ಪಗಾರ ಬಂದರೆ ಅದರಲ್ಲಿ ಅರ್ಧ ನಿಮ್ಮ ಗಲ್ಲಾಕ್ಕೇ ಬರುತ್ತದೆ. ಆದ್ದರಿಂದ ಅವನು ಲೆಕ್ಕ ಕೇಳಲು ಹೋದಾಗ ಸಾವುಕಾರರ ಮುಖ ನೋಡಿ ಹಿಂಜರಿಯಬೇಡಿರಿ. ಇವನು ಇಷ್ಟು ವರ್ಷ ಆ ಗಿರಣಿಯಿಂದಲೇ ಬಂದು ನಮ್ಮಲ್ಲಿ ಚಹ ಕುಡಿದವನು ಎಂದು ಸಾಕ್ಷಿ ಹೇಳಿರಿ.

ಕಹಿಯಾದರೂ ಇನ್ನೊಂದು ಮಾತು. ನಿಮ್ಮ ಅಂಗಡಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಿಲ್ಲುವ ಹುಡುಗನಿಗೆ ನೀವು ಚೀಟಿ ಕೊಟ್ಟಿದ್ದೀರಾ? 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾನೂನು ನಮ್ಮ ರಾಜ್ಯದ್ದು. ನೇಮಕದ ಆದೇಶವನ್ನು ಬರಹದಲ್ಲಿ ಕೊಡಬೇಕೆಂದು ಅದೂ ಹೇಳುತ್ತದೆ. ಗಿರಣಿಯವರ ಅನ್ಯಾಯವನ್ನು ಬೈಯುವವರು ಮನೆಯ ದೀಪವನ್ನೂ ಹಚ್ಚಬೇಕು. ತಳ್ಳುಗಾಡಿಯವರು, ರಸ್ತೆ ಬದಿ ಕೂರುವವರು ತಮಗಾಗಿ 2014ರ ಬೀದಿ ವ್ಯಾಪಾರಿಗಳ ಕಾನೂನಿನಂತೆ ನಗರಸಭೆಯಿಂದ, ಪುರಸಭೆಯಿಂದ ವ್ಯಾಪಾರದ ಪ್ರಮಾಣ ಪತ್ರ ಪಡೆಯಬೇಕು. ಅದಿದ್ದರೆ ಎಬ್ಬಿಸಲು ಬಂದವರನ್ನು ಯಾವ ನೋಟೀಸಿನ ಮೇಲೆ ಬಂದಿರೆಂದು ಕೇಳಬಹುದು.

ನಾವು ಕೇಳುವುದೇನು?

ಕೆಲಸಗಾರರಿಗೆ ಸಲಹೆ ಹೇಳಿ ಸರಕಾರವನ್ನು ಬಿಟ್ಟುಬಿಡುವುದು ನಮ್ಮ ಪದ್ಧತಿಯಲ್ಲ. ನೀರು ನಿಲ್ಲಿಸುವ ತೀರ್ಮಾನ ಮಾಡುವ ಸಭೆಯಲ್ಲಿಯೇ, ಅದರಿಂದ ಕೆಲಸ ಕಳೆದುಕೊಳ್ಳುವ ಗಿರಣಿ ಕೆಲಸಗಾರರ, ಹಮಾಲರ ಪಟ್ಟಿಯನ್ನು ಮೇಜಿನ ಮೇಲಿಡಬೇಕು. ಉದ್ಯೋಗ ಕಚೇರಿ ತಿಂಗಳಿಗೊಂದು ದಿನ ಸಿಂಧನೂರು, ಲಿಂಗಸುಗೂರು, ಮಸ್ಕಿಗಳಿಗೆ ಬಂದು ಕೂರಬೇಕು. ಅಕ್ಕಿ ಗಿರಣಿ, ಜಿನ್ನಿಂಗುಗಳ ಕೆಲಸಗಾರರಿಗೆ ‘ಹಂಗಾಮಿ’ ಎಂಬ ನೆಪ ಹೋಗಬೇಕು.

ಇನ್ನೊಂದು ಸರಳ ಕೆಲಸವಿದೆ. ನಾಲೆ ಒಣಗಿದಾಗಲೇ ನಾಲೆಯ ಹೂಳೆತ್ತಬಹುದು, ಉಪನಾಲೆಗಳ ದಡ ಕಟ್ಟಬಹುದು. ಕೆಲಸವಿಲ್ಲದ ಜನ, ಆಗಬೇಕಾದ ಕೆಲಸ, ಎರಡೂ ಒಂದೇ ಊರಿನಲ್ಲಿ ಒಂದೇ ತಿಂಗಳಿನಲ್ಲಿ ಇರುವಾಗ ಗುತ್ತಿಗೆದಾರನ ಯಂತ್ರಕ್ಕೇ ಯಾಕೆ ಎಲ್ಲವನ್ನೂ ಒಪ್ಪಿಸಬೇಕು? 2005ರ ಉದ್ಯೋಗ ಖಾತರಿ ಕಾನೂನು ಹಳ್ಳಿಯ ಮನೆಗೆ ವರ್ಷಕ್ಕೆ 100 ದಿನದ ಕೆಲಸದ ಹಕ್ಕು ಕೊಟ್ಟಿತು. ಕೇಳಿದ 15 ದಿನದಲ್ಲಿ ಕೆಲಸ ಕೊಡದಿದ್ದರೆ ಭತ್ಯೆ ಎಂದಿತು. ಅದರ ಜಾಗಕ್ಕೆಂದು 2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು 125 ದಿನ ಎನ್ನುತ್ತದೆ. ಜತೆಗೆ ಬಿತ್ತನೆ, ಕೊಯ್ಲಿನ ಕಾಲದಲ್ಲಿ 60 ದಿನ ಕೆಲಸ ನಿಲ್ಲಿಸಬಹುದೆನ್ನುತ್ತದೆ. ವೆಚ್ಚದ ನೂರಕ್ಕೆ 40 ಪಾಲನ್ನು ನಮ್ಮಂಥ ರಾಜ್ಯಗಳ ತಲೆಗೆ ಹೊರಿಸುತ್ತದೆ. ಆ 60 ದಿನ ಯಾರಿಗೆ ಬೇಕು? ಕೂಲಿಯವನಿಗೆ ಬೇರೆ ಆಸರೆ ಇಲ್ಲದಂತೆ ಮಾಡಿ ಕಡಿಮೆ ದರಕ್ಕೆ ದುಡಿಸಿಕೊಳ್ಳುವವರಿಗೆ ಬೇಕು. ಇದನ್ನು ಕೇಳುವ ಬಾಯಿ ದಿಲ್ಲಿಯಲ್ಲಿಲ್ಲದಿದ್ದರೆ ಸಿಂಧನೂರಿನಲ್ಲಾದರೂ ಇರಲಿ.

ಕೊನೆಗೆ ಮತ್ತೆ ಗಿರಣಿಯ ಬಾಗಿಲಿಗೇ ಬರುತ್ತೇವೆ. “ಬ್ಯಾರೆ ಕಡಿ ನೋಡ್ಕೊಳ್ರಪ” ಎಂದು ಸಾವುಕಾರರು ಹೇಳಿದಾಗ ಕೈ ಕಟ್ಟಿ ನಿಲ್ಲುವುದೂ ಬೇಡ, ಕೂಗಾಡುವುದೂ ಬೇಡ. ಹತ್ತು ಜನ ಒಟ್ಟಿಗೆ ನಿಂತು ಒಂದೇ ಮಾತು ಹೇಳಿರಿ: “ನೋಡ್ಕೊಂತೀವ್ರಿ ಸಾವ್ಕಾರ್ರೆ. ಇಷ್ಟು ವರ್ಷ ನಿಮ್ಮಲ್ಲಿ ದುಡಿದೀವಿ ಅಂತ ಮೊದಲ ಬರೆದು ಕೊಡ್ರಿ.” ಆ ಚೀಟಿ ಬಂದರೆ ಮುಂದಿನ ಊರಿನಲ್ಲಿ ನಿಮ್ಮ ಕೆಲಸಕ್ಕೆ ಬೆಲೆ ಬರುತ್ತದೆ. ಬಾರದಿದ್ದರೆ ಯಾಕೆ ಬರಲಿಲ್ಲವೆಂದು ಕೇಳಲು ಹತ್ತು ಜನ ಒಟ್ಟಿಗೆ ಇದ್ದೇ ಇರುತ್ತೀರಿ. ಎಲ್ಲಿಯಾದರೂ ಕೊಡಲು ನಿರಾಕರಿಸಿದರೆ ನಮ್ಮ ಕಚೇರಿಗೆ ಬನ್ನಿರಿ. ಅರ್ಜಿ ನಾವು ಬರೆದುಕೊಡುತ್ತೇವೆ, ಜತೆಗೆ ನಡೆದುಬರುತ್ತೇವೆ.